ಅಪ್ಪನಿಗೆ ನೀನು ಹೇಳಿದ ಮಾತು

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೧೪ ಜುಲೈ ೨೦೨೪

ಚಿ. ತೃಪ್ತಿಗೆ,

ಆಶೀರ್ವಾದ. ಅದನ್ನು ಬರೆಯದೆ ಶುರು ಮಾಡಲು ಕೈ ಬರಲಿಲ್ಲ, ಅದಕ್ಕೇ ಬರೆದೆ. ಮುಂದಿರುವುದೆಲ್ಲ ಸಿಟ್ಟು. ಫೋನಿನಲ್ಲಾದರೆ ನಡುವೆ ಬಾಯಿ ಹಾಕಿ "ಅಮ್ಮ, ಸಮಾಧಾನವಾಗಿ ಮಾತಾಡೋಣ" ಅನ್ನುತ್ತೀಯ. ನನಗೆ ಸಮಾಧಾನ ಬೇಕಾಗಿಲ್ಲ. ಕಾಗದದಲ್ಲಾದರೆ ಪೂರ್ತಿ ಬೈದು ಮುಗಿಸಬಹುದು.

ಹೋದ ನವೆಂಬರಿನಲ್ಲಿ ನೀನು ಡೆನ್ಮಾರ್ಕಿನಿಂದ ಬಂದ ದಿನವೇ ನನಗೆ ತಿಳಿಯಬೇಕಿತ್ತು. ನಾವು ಆಗ ವಿಜಯವಾಡದಲ್ಲಿ ನಿನ್ನ ತಮ್ಮ ಗುರುದತ್‌ನ ಮನೆಯಲ್ಲಿದ್ದೆವು, ಅಪ್ಪನನ್ನು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ತೋರಿಸುತ್ತ. ತಮ್ಮ ಅಣ್ಣನನ್ನು, ಅಂದರೆ ನಿಮ್ಮಪ್ಪನನ್ನು, ನೋಡಲು ರಾಜಮ್ಮತ್ತೆ ಹಿರಿಯೂರಿನಿಂದ ಬಂದಿದ್ದರು. ನೀನು ಕಾಫಿ ಕೊಡಲಾ ಎಂದೆ. "ಬ್ಯಾಡ ಬಿಡವ್ವ" ಅಂದರು. ನೀನು "ಸರಿ ಅತ್ತೆ" ಎಂದು ಲೋಟ ಒಳಗಿಟ್ಟುಬಿಟ್ಟೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಹೆಂಗಸು. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಇನ್ನೊಂದು ಸಲ ಕೇಳಬೇಕು ಎಂದು ಒಳಗೆ ಕರೆದು ಹೇಳಿದರೆ, "ಅವರ ಮಾತನ್ನ ನಾನು ನಂಬಿದೆ, ಅದು ತಪ್ಪಾ?" ಅಂದೆ. ಆ ದೇಶದ ಹನ್ನೊಂದು ವರ್ಷದಲ್ಲಿ ನಿನ್ನ ಕಿವಿಯೇ ಬೇರೆಯಾಗಿದೆ. ಮಾತು ಕೇಳಿಸುತ್ತದೆ, ಮಾತಿನ ಹಿಂದಿರುವುದು ಕೇಳಿಸುವುದಿಲ್ಲ.

ತಿಂದ ತಟ್ಟೆ ತಾನೇ ತೊಳೆಯಬೇಕೆಂದು ತಮ್ಮನಿಗೆ ಹೇಳಿದೆ. ಸೊಸೆ ರಾಜ್ಯಶ್ರೀ ಮುಖ ತಿರುಗಿಸಿಕೊಂಡು ನಕ್ಕಳು. ಅದು ನನಗೂ ಹಿಡಿಸಿತ್ತು. ಹೇಳಲಿಲ್ಲ, ಅಷ್ಟೇ.

ಆದರೆ ಮೂರನೇ ದಿನ ಬೆಳಿಗ್ಗೆ ನೀನು ಮಾಡಿದ್ದು? ಗುರುದತ್, ನಾನು, ಡಾಕ್ಟರು ಮೂವರೂ ಸೇರಿ ನಲವತ್ತು ದಿನದಿಂದ ಅಪ್ಪನಿಗೆ ಹೊಟ್ಟೆಯ ಹುಣ್ಣು ಎಂದು ಹೇಳಿಕೊಂಡು ಬಂದಿದ್ದೆವು. ಫೈಲು ರಾಜ್ಯಶ್ರೀಯ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ನೀನು ಅದನ್ನು ಕೇಳಿ ತೆಗೆಸಿ ಓದಿದೆ. ಮರುದಿನ ಇಡ್ಲಿ ತಿನ್ನುತ್ತಿದ್ದವರ ಪಕ್ಕ ಕೂತು, ಕೈ ಹಿಡಿದುಕೊಂಡು ಹೇಳಿದೆ: "ಅಪ್ಪ, ಇದು ಹುಣ್ಣಲ್ಲ, ಕ್ಯಾನ್ಸರ್. ವಾಸಿಯಾಗಲ್ಲ. ಆರು ತಿಂಗಳು ಇರಬಹುದು. ನಿಮಗೇನು ಬೇಕು, ಹೇಳಿ."

ರೈಲು ಎಷ್ಟು ಹೊತ್ತಿಗೆ ಅನ್ನುವ ಹಾಗೆ ಹೇಳಿದೆ. ನಾನು ಕೂಗಾಡಿದಾಗ, "ಅದು ಅಪ್ಪನ ಶರೀರ. ನಮ್ಮಲ್ಲಿ ಮೊದಲು ರೋಗಿಗೇ ಹೇಳ್ತಾರೆ, ಅಮ್ಮ. ನನಗೆ ಸುಳ್ಳು ಹೇಳಕ್ಕೆ ಬರಲ್ಲ" ಅಂದೆ. ನಮ್ಮಲ್ಲಿ! ಯಾವುದೇ ಅದು ನಿನ್ನ ನಮ್ಮಲ್ಲಿ? ನಾನೂ ಹಿರಿಯೂರು ಬಿಟ್ಟು ಈ ಊರಿಗೆ ಬಂದು ಮೂವತ್ತಾರು ವರ್ಷ. ಮುದ್ದೆ ಬಿಟ್ಟು ಗೋಂಗೂರ ಸೊಪ್ಪಿನ ಚಟ್ನಿ ಕಲಿತೆ. ಈಗ ಊರಿಗೆ ಹೋದರೆ ಆಟೋದವನಿಗೆ ನಿಲ್ಲಿಸಿ ಅನ್ನುವ ಬದಲು ತೆಲುಗಿನಲ್ಲಿ "ಆಗಂಡಿ" ಅಂದುಬಿಡುತ್ತೇನೆ, ಅವನು ನಗುತ್ತಾನೆ. ಹಾಗಂತ ಗಂಡನ ಎದೆಗೆ ಒದೆಯುವುದನ್ನು ಕಲಿಯಲಿಲ್ಲ.

ಒಂಬತ್ತು ದಿನಕ್ಕೆ ನೀನು ವಿಮಾನ ಹತ್ತಿದೆ. ಆಮೇಲಿನದು ನಿನಗೆ ಗೊತ್ತಿಲ್ಲ. ಅಪ್ಪ ನನ್ನನ್ನು ಕೂರಿಸಿಕೊಂಡು ಕೇಳಿದರು, "ಗಿರಿಜಾ, ನಿಂಗೆ ಯಾವಾಗಿಂದ ಗೊತ್ತು?" ನಾನು ಮೊದಲ ದಿನದಿಂದ ಎಂದೆ. ಅವರು ಹೊದಿಕೆ ಎತ್ತಿಕೊಂಡು ಹಾಲ್‌ಗೆ ಹೋಗಿ ಮಲಗಿದರು. ಹುಣ್ಣಿನ ಡ್ರಿಪ್ ಎಂದು ನಾವು ಎರಡು ಸಲ ಕೊಡಿಸಿದ್ದ ಕೀಮೋ ಮೂರನೇ ಸಲ ಬೇಡವೆಂದರು, ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋಗಿ ಎಂದರು. ಗುರುದತ್ ಕಾಲು ಹಿಡಿದ, ಒಪ್ಪಲಿಲ್ಲ. ಇಲ್ಲಿ ಬಂದ ಮೇಲೆ ಪ್ರತಿ ಮಾತ್ರೆಗೂ "ಇದು ಯಾವುದಕ್ಕೆ? ನಿಜ ಹೇಳು" ಎಂದು ಕೇಳುತ್ತಿದ್ದರು. ನನ್ನ ಕೈಯಿಂದ ಏನು ಕೊಟ್ಟರೂ ನೋಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ, ಮಾತ್ರೆಯ ಪಟ್ಟಿ ತಿರುಗಿಸಿ ಹೆಸರು ಓದಿ ನುಂಗುವುದನ್ನು ನಾನು ಎದುರಿಗೆ ನಿಂತು ನೋಡಿದೆ. ಇದನ್ನು ನನಗೆ ತಂದಿಟ್ಟವಳು ನೀನು.

ಇನ್ನೊಂದು ಮಾತು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವರು, ಬೆಳಿಗ್ಗೆ ಆಟೋ ಮಾಡಿಕೊಂಡು ಬೀಚಿಗೆ ಹೋಗಿ ಹಡಗು ನೋಡುತ್ತ ಕೂರುತ್ತಿದ್ದರು. ಫೆಬ್ರವರಿ ಕೊನೆಯಲ್ಲಿ ಒಂದು ದಿನ "ನೀನೂ ಬಾ" ಅಂದರು. ಹೋದೆ. ಆಮೇಲೆ ದಿನವೂ ಹೋದೆ. ತಾನು ಹೋದ ಮೇಲೆ ನಾನು ಎಲ್ಲಿರಬೇಕು ಎಂದು ಬಾಯಿ ಬಿಟ್ಟು ಕೇಳಿದರು. ಇಲ್ಲೇ ಎಂದೆ. ನನಗೆ ಹೆದರಿಕೆಯಾಗುತ್ತದೆ ಎಂದೂ ಹೇಳಿದೆ. "ನಂಗೂ ಆಗ್ತದೆ ಕಣೆ" ಅಂದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಹೀಗೆ ಎರಡು ವಾರ, ಆಮೇಲೆ ಅವರು ಹೋದರು. ಅಷ್ಟೇ ನನ್ನ ಪಾಲಿಗೆ ಸಿಕ್ಕಿದ್ದು.

ಹದಿಮೂರನೇ ದಿನದ ಊಟದಲ್ಲಿ, ಬಂಧುಗಳೆಲ್ಲ ಎಲೆಯ ಮುಂದೆ ಕೂತಿರುವಾಗ, ರಾಜಮ್ಮತ್ತೆಗೆ ನಾನು ಹೇಳಿದೆ: "ನನ್ನ ಮಗಳೇ ಅವರನ್ನ ಬೇಗ ಕಳಿಸಿಬಿಟ್ಲು." ತಿಥಿಗೆಂದು ಮತ್ತೆ ಬಂದಿದ್ದ ನೀನು ಪಾಯಸ ಬಡಿಸುತ್ತಿದ್ದೆ. ನಿನಗೆ ಕೇಳಿಸಿತು, ನಾನು ನೋಡಿದೆ. ನೀನು ಮುಂದಿನ ಎಲೆಗೆ ಹೋದೆ. ತಪ್ಪು ಒಪ್ಪಿಕೊಂಡಿದ್ದಾಳೆ ಎಂದುಕೊಂಡೆ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆರೋಗ್ಯ ನೋಡಿಕೋ. ಚಳಿಯ ದೇಶ.

ನಿನ್ನ ಅಮ್ಮ,
ಗಿರಿಜಾ

ಮತ್ತೆ ಬರೆದದ್ದು: ೧೬ನೇ ತಾರೀಖು. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಅಪ್ಪನ ನಂಬರು ನಿಲ್ಲಿಸುತ್ತೇನೆ, ಫೋಟೋ ಬೇಕಾದರೆ ತೆಗೆದಿಟ್ಟುಕೋ ಎಂದು ಗುರುದತ್ ಹೇಳಿದ್ದಕ್ಕೆ ನಿನ್ನೆ ಅವರ ಫೋನು ತೆರೆದೆ. ನವೆಂಬರ್ ಮೂರರಂದು ಅವರು ನಿನಗೆ ಕಳಿಸಿದ್ದು ಸಿಕ್ಕಿತು. ಆಸ್ಪತ್ರೆಯ ರಿಪೋರ್ಟಿನ ಫೋಟೋ, ಬೀರುವಿನಿಂದಲೇ ತೆಗೆದದ್ದು. ಕೆಳಗೆ: "ಇಲ್ಲಿ ಎಲ್ಲಾರೂ ನನ್ನ ಮುಂದೆ ನಗ್ತಾರೆ. ನಿಮ್ಮಮ್ಮನೂ. ನೀನು ಬಂದು ಇದರಲ್ಲಿ ಏನಿದೆ ಅಂತ ನನಗೆ ಹೇಳು, ಅವಳ ಎದುರಿಗೇ ಹೇಳು. ನಾನು ಕೇಳಿದೆ ಅಂತ ಮಾತ್ರ ಅವಳಿಗೆ ಗೊತ್ತಾಗಬಾರದು, ನೊಂದ್ಕೊಳ್ತಾಳೆ." ನೀನು ಬರೆದಿದ್ದೀಯ: "ಹೇಳಲ್ಲ ಅಪ್ಪ. ಬರ್ತೀನಿ."

ಎಂಟು ತಿಂಗಳು ನನ್ನ ಬೈಗುಳ ತಿಂದುಕೊಂಡು ಸುಮ್ಮನಿದ್ದೀಯ. ಅಪ್ಪ ಮಗಳು ಇಬ್ಬರೂ ಸೇರಿ, ನನ್ನನ್ನು ಒಂದು ಮಾತೂ ಕೇಳದೆ, ನನ್ನನ್ನು ಕಾಪಾಡಿದ್ದೀರಿ. ಮೈಯೆಲ್ಲ ಉರಿಯುತ್ತಿದೆ. ಅವರು ಹೊದಿಕೆ ಎತ್ತಿಕೊಂಡು ಹೋದಾಗ ಅವರಿಗೆ ಹೇಗಾಗಿತ್ತೆಂದು ಈಗ ತಿಳಿಯಿತು.

ಬೆಳಿಗ್ಗೆ ಹಿರಿಯೂರಿಗೆ ಫೋನ್ ಮಾಡಿ ರಾಜಮ್ಮತ್ತೆಗೆ ಎಲ್ಲ ಹೇಳಿದೆ. ಮೇಲೆ ಬರೆದಿದ್ದನ್ನು ಹರಿಯಲಿಲ್ಲ, ಓದು. ಓದಿದ ಮೇಲೆ ಬಾ.