ಹಿಂದಿರುಗಿ ಬಂದ ಒಂದು ಗಂಟೆ

ಸ್ಕಾರ್ವಿಕ್, ಕೇತ್‌ನೆಸ್
ಸ್ಕಾಟ್ಲೆಂಡ್
೧೫ ನವೆಂಬರ್ ೧೯೯೮, ಭಾನುವಾರ

ಪ್ರೀತಿಯ ಮುರ್ಡಿನಾ,

ನೀನು, ಅಲೆಕ್, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳು ಬಂದು ಮೇಜಿನ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿವೆ. ತಡವಾಯಿತು, ಬೈದುಕೋ. ಅಂದು ಫೋನಿನಲ್ಲಿ ನಾನು ಹೇಳಿದ್ದು ಮೂರೇ ಮಾತು: ನಿನ್ನಣ್ಣ ರಾನಲ್ಡ್ ಬಿದ್ದ, ಸೊಂಟದ ಮೂಳೆ ಮುರಿಯಿತು, ಆಪರೇಷನ್ ಮಾಡುತ್ತಾರೆ. ಆಮೇಲೆ ಮತ್ತೆ ಫೋನ್ ಮಾಡಲು ನಿನಗೆ ಅಲ್ಲಿ ಎಷ್ಟು ಗಂಟೆ ಎಂದು ಎಣಿಸುವಷ್ಟೂ ತ್ರಾಣ ನನಗಿರಲಿಲ್ಲ. ನೀವು ನ್ಯೂಜಿಲೆಂಡಿನಲ್ಲಿ ಅಕ್ಟೋಬರಿನಲ್ಲಿ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತೀರಿ, ಅದೇ ತಿಂಗಳು ನಾವು ಹಿಂದಕ್ಕೆ ಎಳೆಯುತ್ತೇವೆ. ಹನ್ನೊಂದು ಗಂಟೆ ದೂರವಿದ್ದವಳು ಈಗ ಹದಿಮೂರು ಗಂಟೆ ದೂರವಾಗಿದ್ದೀಯ.

ಊರಿನಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬಂದರಿನ ಗೋಡೆಯ ಒಂದು ಮೂಲೆ ಬಿರುಗಾಳಿಗೆ ಕುಸಿದಿದೆ. ಗೋಪುರದ ಗಡಿಯಾರಕ್ಕೆ ವಿದ್ಯುತ್ ಯಂತ್ರ ಕೂರಿಸಿದ್ದಾರೆ. ಇನ್ನು ಮೇಲೆ ಅದು ತನ್ನ ಗಂಟೆಯನ್ನು ತಾನೇ ಬದಲಾಯಿಸಿಕೊಳ್ಳುತ್ತದಂತೆ. ಮೂವತ್ತೊಂದು ವರ್ಷ ಅದಕ್ಕೆ ಕೀಲಿ ಕೊಟ್ಟ ರಾನಲ್ಡನಿಗೆ ಈ ವಿಷಯ ಹೇಳಲು ನನಗೆ ಬಾಯಿ ಬಂದಿಲ್ಲ.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಅವನ ನಡುಕದ ಕಾಯಿಲೆಗೆ ನಾಲ್ಕು ಗಂಟೆಗೊಮ್ಮೆ ಮಾತ್ರೆ ಬೀಳಬೇಕು, ಬೆಳಗಿನದು ಆರಕ್ಕೆ. ಹೊತ್ತಿಗೆ ಬಿದ್ದರೆ ಎದ್ದು ನಡೆಯುತ್ತಾನೆ, ಗಂಜಿ ಕುಡಿಯುತ್ತಾನೆ, ನನ್ನನ್ನು ಗೇಲಿ ಮಾಡುತ್ತಾನೆ. ಅರ್ಧ ಗಂಟೆ ತಡವಾದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಮನೆಯಲ್ಲಿದ್ದಾಗ ಇದಕ್ಕೆ ಅವನದೇ ಉಪಾಯವಿತ್ತು. ಗೋಪುರದಲ್ಲಿ ಗಂಟೆ ಬಾರಿಸುವ ಗಡಿಯಾರದ ಮುಳ್ಳನ್ನು ಅವನು ಎಂದೂ ಹಿಂದಕ್ಕೆ ತಿರುಗಿಸಿದವನಲ್ಲ, ಒಳಗಿನ ಹಲ್ಲು ಮುರಿಯುತ್ತದೆ. ಲೋಲಕ ನಿಲ್ಲಿಸಿ, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಒಂದು ಗಂಟೆ ಸುಮ್ಮನೆ ಕೂತಿದ್ದು ಮತ್ತೆ ಹೊರಡಿಸುತ್ತಿದ್ದ. ಮೈಗೂ ಹಾಗೇ ಬಲವಂತ ಕೂಡದು ಎನ್ನುತ್ತಿದ್ದ. ಆದ್ದರಿಂದ ಗಂಟೆ ಬದಲಾಗುವ ಹೊತ್ತಿಗೆ ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ಮಾತ್ರೆಯನ್ನು ಸರಿಸುತ್ತಿದ್ದೆವು. ಗಡಿಯಾರ ನೋಡುವವನು ಅವನು, ಮಾತ್ರೆ ಕೊಡುವವಳು ನಾನು.

ಫೆಬ್ರವರಿಯಿಂದ ಅವನು ಆರೈಕೆ ಮನೆಯಲ್ಲಿದ್ದಾನಲ್ಲ, ಅಲ್ಲಿ ಇದು ಮೊದಲ ಅಕ್ಟೋಬರ್. ಅಲ್ಲಿನ ಮುಖ್ಯಸ್ಥೆ ಮಿಸೆಸ್ ಗೆಡ್ಡೆಸ್ ಅವರಿಗೆ ವಾರ ಮೊದಲೇ ಹೇಳಿದೆ. ಅವರು ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಆರು ಅಂತ ಬರ್ದಿದೆ, ಆರಕ್ಕೇ ಕೊಡ್ತೀವಿ" ಎಂದರು.

"ಹಳೇ ಆರಕ್ಕಾ, ಹೊಸಾ ಆರಕ್ಕಾ?"

"ಇಲ್ಲಿ ಒಂದೇ ಗಡಿಯಾರ ಇರೋದು, ಮಿಸೆಸ್ ಸಿಂಕ್ಲೇರ್. ಮೂವತ್ತೆರಡು ಜನ ಇದಾರೆ. ಒಬ್ಬೊಬ್ರಿಗೂ ಒಂದೊಂದು ಗಡಿಯಾರ ನೇತಾಕೋಕಾಗುತ್ತಾ?"

ಡಾಕ್ಟರಿಗೆ ಫೋನ್ ಮಾಡಿದೆ, ಅವರು ರಜೆಯ ಮೇಲಿದ್ದರು. ಅವರ ಬದಲಿಗೆ ಬಂದಿದ್ದ ಹುಡುಗ ವೈದ್ಯ "ಒಂದು ಗಂಟೆಯಲ್ಲಿ ಏನಾಗುತ್ತೆ ಬಿಡಿ" ಎಂದ. ಯಾರ ಬಾಗಿಲು ಬಡಿದರೂ ಅಷ್ಟೇ. ಎಲ್ಲರೂ ಒಳ್ಳೆಯವರೇ, ನಗುನಗುತ್ತಲೇ ಕಳಿಸುತ್ತಾರೆ.

ಕೊನೆಗೆ ಕೈಹಿಡಿದವಳು ರಾತ್ರಿಪಾಳಿಯ ದಾದಿ ಶೋನಾ. "ಪಟ್ಟೀಲಿರೋ ಹೊತ್ತಿಗೆ ಮುಂಚೆ ನಾನು ಔಷಧಿ ಬೀರು ತೆಗೆಯೋ ಹಾಗಿಲ್ಲ, ಎಫಿ" ಎಂದಳು. "ಆದ್ರೆ ಭಾನುವಾರ ಹೊಸಾ ಐದಕ್ಕೆ ನೀವು ಗಂಡನ್ನ ನೋಡೋಕೆ ಬಂದ್ರೆ ಪಕ್ಕದ ಬಾಗಿಲು ತೆಗೀತೀನಿ. ನಿಮ್ಮ ಕೈಚೀಲದಲ್ಲಿ ಏನಿದೆ ಅಂತ ಹುಡ್ಕೋಕೆ ನಾನೇನು ಸುಂಕದವಳಾ?" ಮನೆಯಲ್ಲಿ ಹಳೆಯ ಮಾತ್ರೆಗಳು ಉಳಿದಿದ್ದವು. ಹೊಸ ಐದು ಅಂದರೆ ಹಳೆಯ ಆರು. ಆ ಒಂದು ಮಾತ್ರೆ ಕೊಟ್ಟರೆ ಸಾಕಿತ್ತು. ಮರುದಿನದಿಂದ ನಿಧಾನವಾಗಿ ಸರಿಸಲು ಒಂದು ದಾರಿ ಹುಡುಕಬಹುದಿತ್ತು.

ಶನಿವಾರ ಮಧ್ಯಾಹ್ನ ಅವನ ಬಳಿ ಕೂತು ಹೊಟ್ಟೆಯುರಿಯಿಂದ ಕೇಳಿದೆ, "ಯಾವ ಪುಣ್ಯಾತ್ಮ ಶುರು ಮಾಡಿದ್ದೋ ಇದನ್ನ? ಬೆಳಕು ಉಳಿಸ್ತಾರಂತೆ, ಬೆಳಕು!"

ಅಂದು ಅವನ ಮಾತು ಚೆನ್ನಾಗಿತ್ತು. "ಬೆಳಕಲ್ಲ ಕಣೇ, ಕಲ್ಲಿದ್ದಲು" ಎಂದ. "ಮೊದಲ್ನೇ ಯುದ್ಧದಲ್ಲಿ ಜರ್ಮನ್ನರು ಶುರು ಮಾಡಿದ್ರು. ಮೂರು ವಾರ ಆಗ್ಲಿಲ್ಲ, ನಮ್ಮೋರೂ ನಕಲು ಹೊಡೆದ್ರು. ಬೇಸಿಗೇಲಿ ಸೂರ್ಯ ನಾಲ್ಕಕ್ಕೇ ಎದ್ದು ಕೂತಿರ್ತಾನೆ, ಜನ ಏಳೋದು ಏಳಕ್ಕೆ. ಆ ಬೆಳಕೆಲ್ಲಾ ದಂಡ ಅಲ್ವಾ? ಗಡಿಯಾರ ಮುಂದಕ್ಕೆ ತಳ್ಳಿದ್ರೆ ಅದೇ ಬೆಳಕು ಸಂಜೆಗೆ ಸಿಗುತ್ತೆ. ದೀಪ ತಡವಾಗಿ ಹಚ್ಚಿದ್ರೆ ಸಾಕು."

"ಸರಿ, ತಳ್ಳಿದ್ಮೇಲೆ ಅಲ್ಲೇ ಇರ್ಲಿ. ಮತ್ತೆ ಯಾಕೆ ಹಿಂದಕ್ಕೆ ತರೋದು?"

"ಚಳಿಗಾಲದಲ್ಲಿ ತಳ್ಳೋಕೆ ಬೆಳಕೆಲ್ಲಿದೆಯೇ ನಮ್ಮೂರಲ್ಲಿ? ಮುಂದಕ್ಕೇ ಬಿಟ್ಟಿದ್ರಲ್ಲ ಮೂರು ವರ್ಷ, ಮರ್ತೋಯ್ತಾ? ಹತ್ತಾದ್ರೂ ಸೂರ್ಯ ಇಲ್ಲ. ಮುರ್ಡಿನಾನ ಕೇಳು."

ನಿನ್ನ ಹೆಸರು ಹೇಳಿ ನಕ್ಕ. ಕತ್ತಲಲ್ಲಿ ಶಾಲೆಗೆ ಬರುವ ಮಕ್ಕಳ ತೋಳಿಗೆ ನೀನು ಹೊಳೆಯುವ ಪಟ್ಟಿ ಕಟ್ಟುತ್ತಿದ್ದದ್ದು, ಆ ಪಟ್ಟಿಗಳನ್ನು ಅವರು ಕುರಿಗಳ ಕೊರಳಿಗೆ ಕಟ್ಟಿ ನಿನ್ನಿಂದ ಬೈಸಿಕೊಂಡದ್ದು, ಎಲ್ಲ ನೆನಪು ಮಾಡಿಕೊಂಡ. ಹೊರಡುವಾಗ "ನಾಳೆ ಐದಕ್ಕೆ ಬರ್ತೀಯ ತಾನೇ?" ಎಂದು ಕೇಳಿದ. "ಬರ್ದೇ ಇರ್ತೀನಾ?" ಎಂದೆ.

ಬರಲಿಲ್ಲ, ಮುರ್ಡಿನಾ. ಮಲಗುವ ಮೊದಲು ಬುದ್ಧಿವಂತಳಂತೆ ಅಲಾರಂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ, ಅಲಾರಂ ಮಾತ್ರ ಹಳೆಯ ಲೆಕ್ಕದ ಐದಕ್ಕೇ ಇತ್ತು. ಹಾಗಾಗಿ ಹೊಸ ನಾಲ್ಕಕ್ಕೆ ಹೊಡೆಯಬೇಕಾದದ್ದು ಒಂದು ಗಂಟೆ ತಡವಾಗಿ, ಹೊಸ ಐದಕ್ಕೆ ಹೊಡೆಯಿತು. ನಾನು ಓಡಿಹೋಗುವಷ್ಟರಲ್ಲಿ ಹೊಸ ಗಡಿಯಾರದಲ್ಲಿ ಆರಕ್ಕೆ ಕಾಲು ಗಂಟೆ ಇತ್ತು, ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಅರ್ಧ ಗಂಟೆ ನನ್ನ ದಾರಿ ನೋಡಿದನಂತೆ. ಆಮೇಲೆ ಬಚ್ಚಲಿಗೆಂದು ತಾನೇ ಎದ್ದಿದ್ದಾನೆ. ಎರಡು ಹೆಜ್ಜೆಗೆ ಕಾಲು ಕಟ್ಟಿಕೊಂಡಿದೆ. ಶೋನಾ ಆಗ ಬೇರೊಬ್ಬರ ಹಾಸಿಗೆ ಬದಲಿಸುತ್ತಿದ್ದಳು.

ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಶೋನಾ ನನ್ನ ಕೈ ಹಿಡಿದು, "ಇದು ಯಾರಿಗಾದ್ರೂ ಆಗೋದೇ. ನಮ್ಮಣ್ಣ ಪ್ರತಿ ವರ್ಷ ಬೀಗ ಹಾಕಿರೋ ಚರ್ಚ್ ಮುಂದೆ ಹೋಗಿ ನಿಂತ್ಕೋತಾನೆ" ಎಂದಳು. ಮಿಸೆಸ್ ಗೆಡ್ಡೆಸ್ ಚಹಾ ತಂದುಕೊಟ್ಟರು. ಅವರ ಮೇಲೆ ಕೂಗಾಡಬೇಕೆಂದಿದ್ದೆ. ಚಹಾ ಕುಡಿದೆ.

ಈಗ ಅವನು ಇನ್ವರ್ನೆಸ್‌ನ ಆಸ್ಪತ್ರೆಯಲ್ಲಿದ್ದಾನೆ. ಮೂಳೆ ಕೂಡಿಸಿದ್ದಾರೆ, ಆದರೆ ಎದೆಯಲ್ಲಿ ಕಫ ಕಟ್ಟಿದೆ. ಇನ್ನು ನಡೆಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಕ್ರಿಸ್‌ಮಸ್ ಕಾಣುತ್ತಾನೋ ಇಲ್ಲವೋ ಎಂದು ಕೇಳಿದ್ದಕ್ಕೆ ನೆಲ ನೋಡಿದರು. ನೀನು ಬರುವುದಾದರೆ ಬೇಗ ಬಾ. ನಾನು ದಿನಾ ರೈಲಿನಲ್ಲಿ ಹೋಗಿ, ಅವನ ಪಕ್ಕ ಎರಡು ಗಂಟೆ ಕೂತು, ಬರುತ್ತೇನೆ. ಮಾಡಲು ಬೇರೇನೂ ಇಲ್ಲ.

ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ತಣ್ಣಗಿಟ್ಟಿರಲಿ. ನಿನ್ನ ಕೊನೆಯ ಮಗಳಿಗೆ ಅತ್ತೆಯ ಮುತ್ತು.

ನಿನ್ನ ಅತ್ತಿಗೆ,
ಎಫಿ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಲಾರಂ ಸರಿಯಾದ ಹೊತ್ತಿಗೇ ಹೊಡೆಯಿತು, ಮುರ್ಡಿನಾ. ಮಲಗುವ ಮೊದಲು ನಾನು ಗಡಿಯಾರ ಮುಟ್ಟಿರಲೇ ಇಲ್ಲ. ಎದ್ದೆ, ಒಂದು ಕಾಲುಚೀಲ ಹಾಕಿಕೊಂಡೆ. ಹೊರಗೆ ಕತ್ತಲೆ, ಚಳಿ. ಇವತ್ತು ಎಲ್ಲರಿಗೂ ಒಂದು ಗಂಟೆ ಹೆಚ್ಚು ನಿದ್ದೆ ಎಂದು ರೇಡಿಯೊದವನು ಹಿಂದಿನ ಸಂಜೆ ಹೇಳಿದ್ದ. ಎಲ್ಲರಿಗೂ ಅಂದರೆ ನನಗೂ ಅಲ್ಲವೇ ಅನ್ನಿಸಿತು. ಅವನಿಗೆ ಕಾಯಿಲೆ ಬಂದ ಈ ಆರು ವರ್ಷದಲ್ಲಿ ಒಂದು ದಿನ. ಮತ್ತೆ ಹೊದ್ದು ಮಲಗಿದೆ. ನಿದ್ದೆ ಹೋದೆನೆಂದುಕೊಳ್ಳಬೇಡ, ಎಚ್ಚರವಾಗೇ ಇದ್ದೆ. ಹಾಸಿಗೆ ಬೆಚ್ಚಗಿತ್ತು, ಬಹಳ ಸುಖವಾಗಿತ್ತು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಅಲಾರಂನ ಆ ಕತೆಯನ್ನೇ ಅವನಿಗೂ ಹೇಳಿದ್ದೆ. ಮೊನ್ನೆ ಅವನು ಕಣ್ಣು ಬಿಟ್ಟು ನನ್ನ ಕೈ ಹುಡುಕಿದ. "ತಪ್ಪು ನಂದೇ, ಎಫಿ" ಎಂದ. "ಮನೇಲಿ ಒಂದು ಗಡಿಯಾರಾನೂ ನಿನ್ನ ಕೈಗೆ ಕೊಡ್ಲಿಲ್ಲ. ನಿಂಗೆ ಕಲಿಸ್ಬೇಕಿತ್ತು."

"ಹೂಂ, ಕಲಿಸ್ಬೇಕಿತ್ತು" ಎಂದೆ.