ಮಾವಿಸ್ ಬರೋಸಾದಲ್ಲೇ ಉಳಿದಳು

ಅಕ್ಕಾ,

ಬರೋಸಾ ಕಣಿವೆಯಿಂದ ಬರೀತಿದೀನಿ. ಕಾರು ಓಡಿಸೋಳು ನಾನಾದ್ದರಿಂದ ಗೆಳತಿಯರು ವೈನ್ ಕುಡೀತಾರೆ, ನಾನು ಮೂಸಿ ನೋಡ್ತೀನಿ. ನಿನ್ನೆ ಒಂದು ದ್ರಾಕ್ಷಿ ತೋಟದಲ್ಲಿ ಮುದುಕ ಎರ್ವಿನ್ ತನ್ನ ಹೊಸ ವೈನನ್ನು ಹೆಮ್ಮೆಯಿಂದ ಬಗ್ಗಿಸಿಕೊಟ್ಟ. ಗಂಡ ಹೋದಮೇಲೆ ಬಾಯೇ ಬಿಡದಿದ್ದ ನಮ್ಮ ಮಾವಿಸ್ ಒಂದು ಗುಟುಕು ಕುಡಿದು, "ಈ ಹುಳಿಗೆ ಇದರಲ್ಲಿ ಈರುಳ್ಳಿ ಉಪ್ಪಿನಕಾಯಿ ಹಾಕಬಹುದು ನೋಡಪ್ಪ" ಅಂದಳು! ನಾವೆಲ್ಲ ಎರ್ವಿನ್ ಮುಖ ನೋಡಿದೆವು. ಅವನು ಬಿದ್ದು ಬಿದ್ದು ನಕ್ಕು, "ನಿಜ ಹೇಳೋರೇ ಸಿಕ್ಕಿರಲಿಲ್ಲ ಕಣಮ್ಮ. ದ್ರಾಕ್ಷಿ ಕೊಯ್ಲಿಗೆ ಉಳ್ಕೋತೀಯಾ?" ಅಂದ. "ಊಟ ಚೆನ್ನಾಗಿ ಹಾಕಿದ್ರೆ ಉಳ್ಕೋತೀನಿ" ಅಂದವಳು ಇವತ್ತು ಬೆಳಿಗ್ಗೆ ಟೊಪ್ಪಿಗೆ ಹಾಕಿಕೊಂಡು ತೋಟಕ್ಕೆ ಇಳಿದೇಬಿಟ್ಟಳು.

ನನ್ನ ಮಂಡಿ ನೋವು ಕಮ್ಮಿಯಾಗಿದೆ. ಭಾನುವಾರ ಅವಳನ್ನು ಬಿಟ್ಟು ಹೊರಡ್ತೀವಿ. ಅವಳ ಮಗ ಕೇಳಿದರೆ, ನಿಮ್ಮಮ್ಮಂಗೆ ಕೆಲಸ ಸಿಕ್ಕಿದೆ ಅಂತ ಹೇಳು. ಬಳ್ಳಿ ಸಾಲಿನಲ್ಲಿ ಹಾಡ್ತಾ ಇದ್ದಳು ಅಂತಲೂ ಹೇಳು.

ನಿನ್ನ ಥೆಲ್ಮಾ