ಮಾಲೀಕರ ಕಪಾಟು, ನಮ್ಮ ಪೆಟ್ಟಿಗೆ

ಗುರುವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕನಿಗೆ,

ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಓದದೆ ಹರಿದುಹಾಕಬೇಡ, ಇದರಲ್ಲಿ ನೀನು ಗೆದ್ದ ಸುದ್ದಿಯಿದೆ.

ಸೋಮವಾರ ರಿಪೇರಿಯವರು ಬಂದು ಶಾಲೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಹೋದರು. ಮರುದಿನ ಬೆಳಿಗ್ಗೆಯೇ ಪರೀಕ್ಷೆ. ಕಣ್ಣು ಕಾಣದ ನಮ್ಮ ನಲವತ್ತು ಮಕ್ಕಳಿಗಾಗಿ ಪ್ರಶ್ನೆಪತ್ರಿಕೆಯನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವುದು ನಾವಿಬ್ಬರೂ ಸೇರಿ ಬರೆದ ಅದೇ ಪ್ರೋಗ್ರಾಂ. ನಾನು ಅದನ್ನಿಟ್ಟಿದ್ದ /usr/bin ಫೋಲ್ಡರ್ ತೆರೆದು ನೋಡಿದರೆ ಅದರ ಸುಳಿವೇ ಇಲ್ಲ. ನನ್ನ ಜೀವ ಬಾಯಿಗೆ ಬಂತು.

ನಮ್ಮ ಜಗಳ ನೆನಪಿದೆ ತಾನೇ? /usr/bin ಅನ್ನುವುದು ಸಿಸ್ಟಮ್ ತನ್ನ ಜೊತೆಗೆ ತರುವ ಪ್ರೋಗ್ರಾಂಗಳ ಜಾಗ, ನಾವೇ ಬರೆದದ್ದು /usr/local/bin ಒಳಗಿರಬೇಕು ಎಂದು ನಿನ್ನ ವಾದ. ಬಾಡಿಗೆ ಮನೇಲಿ ಮಾಲೀಕರ ಕಪಾಟಲ್ಲಿ ಬಟ್ಟೆ ಇಟ್ರೆ, ಅವರು ಕಪಾಟು ಬದಲಾಯಿಸೋ ದಿನ ನಮ್ಮ ಬಟ್ಟೆ ಬೀದಿಗೆ ಬೀಳುತ್ತೆ ಕಣೇ, ನಮ್ಮ ಪೆಟ್ಟಿಗೇಲೇ ಇಡು ಅಂದಿದ್ದೆ ನೀನು. ಎಲ್ಲಿಟ್ಟರೇನು, ಓಡಿದರೆ ಸಾಕಲ್ಲ ಅಂದೆ ನಾನು. ಅಷ್ಟಕ್ಕೆ ಬಿಡದೆ, ನಿನಗೆ ಎಲ್ಲದಕ್ಕೂ ತಕರಾರು ಎಂದು ಹೆಡ್‌ಮಿಸ್ ಎದುರಿಗೇ ಅಂದುಬಿಟ್ಟೆ. ನೀನು ಕಂಪ್ಯೂಟರ್ ಕೋಣೆಯ ಕೀಲಿಕೈ ಮೇಜಿನ ಮೇಲಿಟ್ಟು ಬೇರೆ ಶಾಲೆ ಸೇರಿಕೊಂಡೆ.

ಸರಿ, ಸೋಮವಾರದ ಮಾತಿಗೆ ಬರುತ್ತೇನೆ. ಬೇರೆ ದಾರಿ ಕಾಣದೆ ಪ್ರೋಗ್ರಾಂ ಹೆಸರು ಟೈಪ್ ಮಾಡಿದೆ. ಪ್ರಿಂಟರ್ ಟಕಟಕ ಎಂದು ಚುಕ್ಕಿ ಒತ್ತಲು ಶುರು ಮಾಡಿತು. ಎಲ್ಲಿಂದ ಓಡುತ್ತಿದೆ ಎಂದು ಹುಡುಕಿದರೆ /usr/local/bin ನಲ್ಲಿ ಒಂದು ಪ್ರತಿ, ಅದಕ್ಕೆ ನೀನು ಕೆಲಸ ಬಿಟ್ಟ ದಿನದ ತಾರೀಖು. ಯಂತ್ರ ಮೊದಲು ಹುಡುಕುವುದೇ ಅಲ್ಲಿ. ಅಂದರೆ ಇಷ್ಟು ದಿನ ದುಡಿದದ್ದು ನಿನ್ನ ಪ್ರತಿ, ಪಕ್ಕದಲ್ಲಿ ಕೂತು ಆಕಳಿಸಿದ್ದು ನನ್ನದು. ನಾನೋ, ನನ್ನದು ಹೇಗೆ ಓಡ್ತಿದೆ ನೋಡಿ ಎಂದು ಮೇಷ್ಟ್ರುಗಳ ಮುಂದೆಲ್ಲ ಬೀಗುತ್ತಿದ್ದೆ.

ನಲವತ್ತು ಮಕ್ಕಳೂ ಪರೀಕ್ಷೆ ಬರೆದರು. ಮೂರನೇ ಪ್ರಶ್ನೆಯ ಮೇಲೆ ಬೆರಳಾಡಿಸಿದ ಒಬ್ಬಳು, ಇದು ನಂಗೊತ್ತು ಎಂದು ಗಟ್ಟಿಯಾಗಿ ಅಂದು ಬೈಸಿಕೊಂಡಳು. ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವಳು ನಾನು. ಈ ಸಲ ಮೀಸೆ, ಮೂಗು, ಬಾಯಿ ಎಲ್ಲ ಮಣ್ಣಾಗಿದೆ. ತಪ್ಪಾಯಿತು ಅಕ್ಕ. ನೀನಿಲ್ಲದ ಆ ಕೋಣೆಯಲ್ಲಿ ಜಗಳವಾಡಲೂ ಜನ ಇಲ್ಲ. ಭಾನುವಾರ ಮನೆಗೆ ಬಾ.

ನಿನ್ನ
ಹಟಮಾರಿ ತಂಗಿ

ತಾ.ಕ.: ರಿಪೇರಿಯವರು ಯಾರೂ ಬಂದಿರಲಿಲ್ಲ, ಹೊಸ ಸಿಸ್ಟಮ್ ಹಾಕಿದ್ದು ನಾನೇ. ನಿನ್ನ ಪ್ರತಿಯನ್ನು ನೀನು ಹೋದ ಎರಡನೇ ವಾರವೇ ನೋಡಿದ್ದೆ. ಸಿಟ್ಟಿನಲ್ಲಿ ಅಳಿಸಲು ಹೋದೆ, ಕೈ ಬರಲಿಲ್ಲ. ಪರೀಕ್ಷೆಯ ಹಿಂದಿನ ದಿನವೇ ಬೇಕಿತ್ತಾ ಎಂದು ಬೈಯಬೇಡ. ಇಟ್ಟವಳು ನೀನು, ಆ ಪ್ರತಿ ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿತ್ತು. ನಿನಗೆ ಬರೆಯಲು ನನಗೊಂದು ನೆಪ ಬೇಕಿತ್ತು, ಅಷ್ಟೆ.